ಮೆರವಣಿಗೆಯ ಕುದುರೆ ಮರುದಿನ ಎಲ್ಲಿರುತ್ತದೆ?

ಬಸವ ಜಯಂತಿಯ ಮೆರವಣಿಗೆಯಲ್ಲಿ ಬಾಲಕನೊಬ್ಬನಿಗೆ ಬಸವಣ್ಣನವರ ವೇಷ ಹಾಕಿ ಕುದುರೆಯ ಮೇಲೆ ಕೂರಿಸುವುದು ನಮ್ಮ ಕಡೆ ಬಹಳ ವರ್ಷಗಳಿಂದ ನಡೆದು ಬಂದಿದೆ. ಕಲ್ಯಾಣದ ಪ್ರಧಾನಿಯಾಗಿದ್ದ ಅಣ್ಣನನ್ನು ಬೆಂಗಳೂರಿನ ಬಸವೇಶ್ವರ ವೃತ್ತದಲ್ಲೂ ನಾವು ಅಶ್ವಾರೂಢನನ್ನಾಗಿಯೇ ಕಂಡಿದ್ದೇವೆ. ಕಳೆದ ವರ್ಷ ನಮ್ಮೂರಿನ ಮೆರವಣಿಗೆ ಸಮಿತಿಯಲ್ಲಿ ನಾನೂ ಇದ್ದೆ. ಕುದುರೆ ಗೊತ್ತು ಮಾಡಿದವನೂ ನಾನೇ. ಮೆರವಣಿಗೆ ಮುಗಿದು ಜೀನು ಇಳಿಸಿದಾಗ ಅದರ ಬೆನ್ನಿನ ಮೇಲೆ ಅಂಗೈ ಅಗಲದ ಹಸಿ ಹುಣ್ಣು ಕಂಡಿತು. ಮೂರು ತಾಸು ಆ ಹುಣ್ಣಿನ ಮೇಲೆ ಮಗುವನ್ನು ಕೂರಿಸಿ, ಪಕ್ಕದಲ್ಲಿ ನಡೆಯುತ್ತ ನಾವು ದಯೆಯ ವಚನ ಹಾಡಿದ್ದೆವು.

ಆಷಾಢದಲ್ಲಿ ಅದೇ ಕುದುರೆ ಸಂತೆ ಮೈದಾನದ ಹಿಂದಿನ ತಿಪ್ಪೆಯಲ್ಲಿ ಕಂಡಿತು. ಮುಂಗಾಲು ಎರಡನ್ನೂ ಹಗ್ಗದಿಂದ ಕಟ್ಟಿತ್ತು, ಪ್ಲಾಸ್ಟಿಕ್ ಚೀಲದ ಸಮೇತ ಕೊಳೆತ ತರಕಾರಿ ತಿನ್ನುತ್ತಿತ್ತು. ಮಾಲೀಕನನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಸಾಹೇಬ್ರ, ಲಗ್ನದ ಸೀಜನ್ ಮುಗೀತು. ನನ್ನ ಮಕ್ಕಳ ಹೊಟ್ಟಿಗೇ ಸಾಲಂಗಿಲ್ಲ, ಇದಕ್ಕ ಎಲ್ಲಿಂದ ತರ್ಲಿ? ಬಿಟ್ರ ಎಲ್ಲ್ಯಾರ ಮೇದು ಬರ್ತೈತಿ" ಅಂದ. ಬೈಯಬೇಕೆಂದು ಹೋದವನು ಸುಮ್ಮನೆ ಬಂದೆ. ವರ್ಷಕ್ಕೊಂದು ದಿನ ಬಾಡಿಗೆ ಕೊಟ್ಟು ಉಳಿದ ದಿನ ಕಣ್ಣು ಮುಚ್ಚಿಕೊಳ್ಳುವ ನಮಗೆ ಅವನನ್ನು ಬೈಯುವ ಅಧಿಕಾರ ಎಲ್ಲಿಯದು?

ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನಂತೆ ಸಾಕಿದ ಪ್ರಾಣಿಗೆ ಮೇವು, ನೀರು, ನೆರಳು ಕೊಡದಿರುವುದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂತೆ ಬೀದಿಗೆ ಬಿಡುವುದೂ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ! 1965ರ ನಿಯಮಗಳಂತೆ, ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳನ್ನು ದುಡಿಸುವಂತಿಲ್ಲ. ವೈಶಾಖದಲ್ಲಿ ನಮ್ಮ ಮೆರವಣಿಗೆಗಳು ಎಷ್ಟು ಹೊತ್ತಿಗೆ ಹೊರಡುತ್ತವೆ ಎಂಬುದನ್ನು ಓದುಗರೇ ನೆನಪಿಸಿಕೊಳ್ಳಲಿ. ಮುಂಬಯಿಯ ವಿಕ್ಟೋರಿಯಾ ಸಾರೋಟುಗಳ ಮೋಜಿನ ಸವಾರಿ ಕಾನೂನುಬಾಹಿರವೆಂದು ಅಲ್ಲಿಯ ಹೈಕೋರ್ಟು 2015ರಲ್ಲಿ ಹೇಳಿತು. ಅವುಗಳನ್ನು ನಿಲ್ಲಿಸಲು ಒಂದು ವರ್ಷದ ಗಡುವು ಕೊಟ್ಟು, ಸಾರೋಟಿನವರ ಪುನರ್ವಸತಿಗೆ ಯೋಜನೆ ಮಾಡುವಂತೆ ಸರ್ಕಾರಕ್ಕೂ ಸೂಚಿಸಿತು. ಕೊನೆಯ ಮಾತೇ ಮುಖ್ಯ. ದುಡಿಯುವವನಿಗೆ ಬೇರೆ ದಾರಿ ತೋರಿಸದೆ ಕುದುರೆಯನ್ನು ಉಳಿಸಲಾಗದು.

ನನ್ನ ಸಲಹೆ ಇಷ್ಟು. ಗೋಶಾಲೆ ನಡೆಸುವ ನಮ್ಮ ಮಠಗಳು ಎರಡು, ಮೂರು ಕುದುರೆಗಳಿಗೆ ಜಾಗ ಮಾಡಲಿ. ಕಲ್ಯಾಣದ ದನ ಕಾಯುತ್ತಿದ್ದ ತುರುಗಾಹಿ ರಾಮಣ್ಣ ಅನುಭಾವಿಗಳ ಸಾಲಿನಲ್ಲಿ ಕುಳಿತ ಪರಂಪರೆ ನಮ್ಮದು. ಕಾಯಕ ಮಾಡಿ ಸೋತ ಜೀವಕ್ಕೆ ದಾಸೋಹದಲ್ಲಿ ಪಾಲಿಲ್ಲವೆಂದರೆ ಹೇಗೆ?

ಆದರೆ ಬರೀ ಭಕ್ತಿಯಿಂದ ಕುದುರೆ ಬದುಕುವುದಿಲ್ಲ. ನೀರಾವರಿ ಇಲಾಖೆಯಲ್ಲಿ ಎಸ್ಟಿಮೇಟ್ ಬರೆದ ಕೈ ನನ್ನದು, ಲೆಕ್ಕ ಹಾಕದಿದ್ದರೆ ನಿದ್ದೆ ಬರದು. 350 ಕಿಲೋ ತೂಕದ ಕುದುರೆಗೆ ದಿನಕ್ಕೆ ತೂಕದ ನೂರಕ್ಕೆ ಎರಡು ಪಾಲಿನಂತೆ 7 ಕಿಲೋ ಒಣ ಮೇವು ಬೇಕು, ಅಂದರೆ ವರ್ಷಕ್ಕೆ ಎರಡೂವರೆ ಟನ್. ನೀರು ದಿನಕ್ಕೆ 25ರಿಂದ 30 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ಬದುಕುತ್ತದೆ. ಹತ್ತು ವರ್ಷದ ಪ್ರಾಣಿಯನ್ನು ತಂದರೆ ಹದಿನೈದು ವರ್ಷದ ಹೊಣೆ ಹೊತ್ತಂತೆ. ಉದ್ಘಾಟನೆ ಮಾಡಿ ಫೋಟೋ ತೆಗೆಸಿಕೊಂಡು ಹೋಗುವ ಕೆಲಸವಲ್ಲ ಇದು.

ಅದಕ್ಕಿಂತ ದೊಡ್ಡ ಭಯ ನನಗೆ ನಮ್ಮ ದಾಸೋಹದ ಅಡುಗೆಮನೆಯದೇ. ಕುದುರೆ ಹಸುವಿನಂತೆ ಮೆಲುಕು ಹಾಕುವುದಿಲ್ಲ, ವಾಂತಿಯನ್ನೂ ಮಾಡಲಾರದು. ಉಳಿದ ಅನ್ನ, ಹುಗ್ಗಿ, ಪಾಯಸವನ್ನು ಪ್ರೀತಿಯಿಂದ ಸುರಿದರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಸತ್ತರೂ ಸತ್ತೀತು. ಬದುಕಿದರೆ ಗೊರಸಿನ ಒಳಗೆ ಉರಿಯೂತವಾಗಿ ಕಾಲೂರಲಾಗದೆ ನರಳುತ್ತದೆ. ಹಸುವಿನ ಕೆಲವು ಸಿದ್ಧ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಗೆ ವಿಷವೇ. ಒಣಹುಲ್ಲು, ಸ್ವಲ್ಪ ಕುದುರೆಮಸಾಲೆ ಸೊಪ್ಪು, ಶುದ್ಧ ನೀರು, ಓಡಾಡಲು ಮಣ್ಣಿನ ಅಂಗಳ ಇಷ್ಟಿದ್ದರೆ ಸಾಕು. ಒಳಗೆ ಸೇರಿಸುವ ಮೊದಲು ಪಶುವೈದ್ಯರಿಂದ ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆ ಆಗಲೇಬೇಕು, ಅದು ಮನುಷ್ಯರಿಗೂ ಅಂಟುತ್ತದೆ. ಗಂಡು ಕುದುರೆಗಳಿಗೆ ಬೀಜ ಒಡೆಸಬೇಕು. ಇಲ್ಲದಿದ್ದರೆ ಮೂರು ಇದ್ದದ್ದು ಐದಾಗುತ್ತದೆ. ಹೊಲವಿರುವ ಭಕ್ತರು ಸಾಕುತ್ತೇನೆಂದರೆ ಕೊಡಬಹುದು, ಆದರೆ ಮಾರುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ, ಸಾಕಲಾಗದಿದ್ದರೆ ಮಠಕ್ಕೇ ಮರಳಿಸಬೇಕು ಎಂದು ಬರೆಸಿಕೊಂಡೇ ಕೊಡಬೇಕು.

ಇನ್ನೊಂದು ಮಾತು ಕೆಲವರಿಗೆ ಹಿಡಿಸದು. ಕಾಲಿನ ಮೂಳೆ ಮುರಿದು, ಇನ್ನು ಏಳಲಾರದೆಂದು ವೈದ್ಯರು ಹೇಳಿದ ಕುದುರೆಯನ್ನು "ಜೀವ ತೆಗೆಯುವುದು ಪಾಪ" ಎಂದು ದಿನಗಟ್ಟಲೆ ನರಳಿಸುವುದನ್ನು ನಾನು ದಯೆ ಎನ್ನಲಾರೆ. ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಿಸಬೇಕು. ಒಪ್ಪದವರು ಇದೇ ಪತ್ರಿಕೆಗೆ ಬರೆಯಲಿ, ಚರ್ಚೆಯಾಗಲಿ.

ಮನುಷ್ಯರೇ ಹಸಿದಿರುವಾಗ ಕುದುರೆಯ ಚಿಂತೆ ಏಕೆ ಎಂದು ಸಮಿತಿಯಲ್ಲಿ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಅವರಿಗೆ ಮೆರವಣಿಗೆಯ ಖರ್ಚಿನ ಪಟ್ಟಿ ತೋರಿಸಿದೆ. ಡಿಜೆ, ಪಟಾಕಿ, ಹಾರಗಳ ಬಾಬ್ತು ಓದಿ ಅವರು ಕನ್ನಡಕ ತೆಗೆದಿಟ್ಟರು. ಹಸಿದವನ ತುತ್ತಿಗೆ ನಾವು ಕೈಹಾಕಬೇಕಿಲ್ಲ, ಡಿಜೆ ಒಂದನ್ನು ಬಿಟ್ಟರೆ ಸಾಕು. ಕುದುರೆ ಏರಿ ಬರುವ ನಮ್ಮ ಮದುಮಕ್ಕಳ ಮನೆಯವರಿಗೂ ಇದೇ ಮಾತು ಹೇಳಬೇಕಿದೆ. ಸರಳ ಕಲ್ಯಾಣದ ಬಗ್ಗೆ ಭಾಷಣ ಮಾಡುವ ನಮ್ಮ ಮನೆಗಳಲ್ಲೇ ವರಪೂಜೆಗೆ ಕುದುರೆ ಬರುತ್ತದೆ.

ಈ ವರ್ಷ ನಮ್ಮೂರಲ್ಲಿ ಬಾಲ ಬಸವಣ್ಣ ನಡೆದೇ ಬಂದ. ಬಿಸಿಲಿಗೆ ಕಾಲು ಸುಡುತ್ತದೆಂದು ಅವನ ತಾಯಿ ಚಪ್ಪಲಿ ಹಾಕಿಸಿದ್ದರು. ಕುದುರೆ ಮಠದ ತೋಟದ ಹಿಂದಿದೆ. ಲಾಯದ ನಕ್ಷೆ ನಾನೇ ಹಾಕಿಕೊಟ್ಟೆ, ಅದರ ಹಳೆಯ ಮಾಲೀಕನೇ ಈಗ ಮಠದ ಸಂಬಳಕ್ಕೆ ಅದನ್ನು ನೋಡಿಕೊಳ್ಳುತ್ತಾನೆ. ಬೆನ್ನಿನ ಹುಣ್ಣು ಮಾಯ್ದು, ಆ ಜಾಗದಲ್ಲಿ ಬಿಳಿ ಕೂದಲು ಬಂದಿದೆ.