ಕಿವಿಗೂ ವಾರದ ಕೋಟಾ ಇದೆ

ಧಾರವಾಡದ ಸಪ್ತಾಪುರದ ಯಾವುದಾದರೂ ಓದುವ ಕೊಠಡಿಗೆ ಬೆಳಿಗ್ಗೆ ಎಂಟರ ಹೊತ್ತಿಗೆ ಹೋಗಿ ನೋಡಿ. ಮೂವತ್ತು ನಲವತ್ತು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರ ಬಾಯಲ್ಲೂ ಮಾತಿಲ್ಲ. ಆದರೆ ಹೆಚ್ಚುಕಡಿಮೆ ಎಲ್ಲರ ಕಿವಿಯಲ್ಲೂ ಯಾರೋ ಮಾತಾಡುತ್ತಿರುತ್ತಾರೆ. ಒಬ್ಬನ ಕಿವಿಯಲ್ಲಿ ಭಾರತದ ಸಂವಿಧಾನ, ಪಕ್ಕದವಳ ಕಿವಿಯಲ್ಲಿ ಮಾನಸಿಕ ಸಾಮರ್ಥ್ಯ, ಅದರಾಚೆಯವನ ಕಿವಿಯಲ್ಲಿ ಪ್ರಚಲಿತ ವಿದ್ಯಮಾನ. ತಲೆ ಬಿಸಿಯಾದಾಗ ನಡುವೆ ಎರಡು ಹಾಡು. ರಾತ್ರಿ ಪಿಜಿಗೆ ಮರಳಿದ ಮೇಲೆ ರೂಮ್‌ಮೇಟ್‌ಗೆ ತೊಂದರೆಯಾಗಬಾರದೆಂದು ಮತ್ತೆ ಅದೇ ಇಯರ್‌ಫೋನ್.

ಎರಡು ವರ್ಷದಿಂದ ನಾನೂ ಇದೇ ಸಾಲಿನಲ್ಲಿ ಕೂತಿದ್ದೇನೆ. ಇಯರ್‌ಫೋನ್ ಎಂದ ಕೂಡಲೇ ಹಿರಿಯರು ಹೇಳುವುದು ಒಂದೇ ಮಾತು: 'ಹಾಡು ಕೇಳಿ ಕೇಳಿ ಈಗಿನ ಹುಡುಗ್ರು ಕಿವಿ ಕೆಡಿಸ್ಕೊಂಡ್ವು.' ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಕಿವಿಯೊಳಗಿನ ನರಕ್ಕೆ ಹಾಡು, ಪಾಠ ಎಂಬ ಭೇದವಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ ಸಂಗತಿ. ಸದ್ದು ಎಷ್ಟು ಜೋರು, ಎಷ್ಟು ಹೊತ್ತು. ದಿನಕ್ಕೆ ಅರ್ಧ ಗಂಟೆ ಹಾಡು ಕೇಳುವವನಿಗಿಂತ ಆರು ಗಂಟೆ ಜೋರಾಗಿ ಕ್ಲಾಸ್ ಕೇಳುವ ಶಿಸ್ತಿನ ವಿದ್ಯಾರ್ಥಿಯೇ ಹೆಚ್ಚು ಅಪಾಯದಲ್ಲಿರಬಹುದು. ಈ ಮಾತನ್ನು ನಮಗೆ ಯಾರೂ ಹೇಳುವುದಿಲ್ಲ.

ಲೆಕ್ಕ ಬಹಳ ಸರಳ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಸದ್ದು 3 ಡೆಸಿಬಲ್ ಏರಿದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ, ಹಾಗಾಗಿ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 90 ಡೆಸಿಬಲ್‌ಗೆ ಬಂದರೆ ವಾರಕ್ಕೆ 4 ಗಂಟೆ. 100ಕ್ಕೆ ಇಡೀ ವಾರಕ್ಕೆ ಸುಮಾರು 20 ನಿಮಿಷ. ಪೂರ್ತಿ ಏರಿಸಿದರೆ ಬಹಳಷ್ಟು ಮೊಬೈಲ್‌ಗಳು ಈ 100ನ್ನು ಮುಟ್ಟುತ್ತವೆ. ತಮಾಷೆಯೆಂದರೆ 3 ಡೆಸಿಬಲ್ ಏರಿದ್ದು ನಮ್ಮ ಗಮನಕ್ಕೇ ಬರುವುದಿಲ್ಲ. ಸದ್ದು ಎರಡು ಪಟ್ಟಾಯಿತು ಎಂದು ನಮಗೆ ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅಷ್ಟರಲ್ಲಿ ಕಿವಿಗೆ ಬೀಳುವ ಶಕ್ತಿ ಹತ್ತು ಪಟ್ಟಾಗಿರುತ್ತದೆ.

ಮೊಬೈಲ್ ಡೇಟಾದ ಹಾಗೆ ಇದನ್ನು ನೋಡಬಹುದು. ದಿನದ ಡೇಟಾ ಅರ್ಧ ಮುಗಿದರೆ ಮೆಸೇಜ್ ಬರುತ್ತದೆ, ಪೂರ್ತಿ ಮುಗಿದರೆ ವೇಗ ಇಳಿಯುತ್ತದೆ. ಕಿವಿಯಿಂದ ಮೆಸೇಜ್ ಬರುವುದಿಲ್ಲ. ಮೊಬೈಲ್ ಒಂದು ಎಚ್ಚರಿಕೆಯನ್ನೇನೋ ತೋರಿಸುತ್ತದೆ, ಹೆಚ್ಚು ಹೊತ್ತು ಜೋರಾಗಿ ಕೇಳಿದರೆ ಶ್ರವಣಕ್ಕೆ ಹಾನಿ ಎಂದು. ಅದನ್ನು ಪೂರ್ತಿ ಓದಿದವರನ್ನು ನಾನು ಕಂಡಿಲ್ಲ. ಸರಿ ಎಂದು ಒತ್ತಿ ಮುಂದೆ ಹೋಗುವುದಕ್ಕೆ ಬೆರಳಿಗೆ ಒಂದು ಸೆಕೆಂಡೂ ಬೇಡ.

ಹಾಗಾದರೆ ನಾವು ಸದ್ದನ್ನು ಏರಿಸುವುದಾದರೂ ಯಾಕೆ? ಮೋಜಿಗೆ ಎನ್ನುವುದು ಸುಲಭದ ಉತ್ತರ. ನಾನು ಗಮನಿಸಿದ ಮಟ್ಟಿಗೆ ಬಹಳಷ್ಟು ಸಲ ಹೊರಗಿನ ಗದ್ದಲವನ್ನು ಮುಚ್ಚಲು ಏರಿಸುತ್ತೇವೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನಾ ಓಡಾಡುವ ಗೆಳೆಯರು ಅನೇಕರಿದ್ದಾರೆ. ಹಳೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಒಮ್ಮೆ ಮೊಬೈಲ್ ಆ್ಯಪ್‌ನಲ್ಲಿ ಸದ್ದು ಅಳೆದೆ. ಅಂಥ ಆ್ಯಪ್‌ಗಳ ಅಳತೆ ತೀರಾ ನಿಖರವೇನಲ್ಲ, ಆದರೂ ಮುಳ್ಳು 80ರ ಆಸುಪಾಸಿನಲ್ಲೇ ಓಲಾಡುತ್ತಿತ್ತು. ಅಂಥ ಗದ್ದಲದ ಮೇಲೆ ಪಾಠದ ಪ್ರತಿ ಪದವೂ ತಿಳಿಯಬೇಕೆಂದರೆ 90ರ ಹತ್ತಿರ ಹೋಗಬೇಕಾಗುತ್ತದೆ. ಹೋಗಿ ಬರಲು ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಆರು ದಿನ, ಒಟ್ಟು ಒಂಬತ್ತು ಗಂಟೆ. 90ಕ್ಕೆ ಇರುವ ಕೋಟಾ ನಾಲ್ಕೇ ಗಂಟೆ. ಓದುವ ಕೊಠಡಿಯ ಬಾಗಿಲು ತೆರೆಯುವ ಮೊದಲೇ, ಬರೀ ಬಸ್ಸಿನಲ್ಲೇ, ಎರಡು ವಾರದ ಪಾಲು ಖರ್ಚಾಗಿರುತ್ತದೆ.

2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿ ಬಸ್‌ಗಳಲ್ಲಿ ಮೊಬೈಲ್ ಸ್ಪೀಕರ್ ಜೋರಾಗಿ ಹಾಕುವುದನ್ನು ನಿಷೇಧಿಸಿದಾಗ ನಾವೆಲ್ಲ ಖುಷಿಪಟ್ಟೆವು. ಪಕ್ಕದವರ ರೀಲ್ಸ್ ಕೇಳುವ ಶಿಕ್ಷೆ ತಪ್ಪಿತಲ್ಲ! ಒಳ್ಳೆಯ ನಿಯಮವೇ. ಆದರೆ ಆ ಸದ್ದು ಎಲ್ಲಿಗೆ ಹೋಯಿತು? ಸ್ಪೀಕರ್‌ನಿಂದ ಕಿವಿಯೊಳಗೆ. ಎಂಜಿನ್‌ನ ಸದ್ದು, ಕಿಟಕಿ ಗಾಜಿನ ಗಡಗಡ, ಹಾರ್ನ್ ಎಲ್ಲವೂ ಇದ್ದಲ್ಲೇ ಇವೆ.

ಕಾರ್ಖಾನೆಯ ಕಾರ್ಮಿಕರಿಗೆ ಈ ವಿಷಯದಲ್ಲಿ ಕಾನೂನಾದರೂ ಇದೆ. ದಿನಕ್ಕೆ 8 ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿ, ಅದನ್ನು ದಾಟುವಲ್ಲಿ ಕಿವಿಗೆ ರಕ್ಷಣೆ ಕೊಡಬೇಕು. (ಆ ಮಿತಿಯೇ ಸಡಿಲ ಎಂಬುದು ಮೇಲಿನ ಲೆಕ್ಕ ನೋಡಿದರೆ ತಿಳಿಯುತ್ತದೆ.) ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಗಣೇಶನ ಮೆರವಣಿಗೆಯ ಡಿಜೆ ಮುಂದೆ ನಿಂತು ಎದೆ ನಡುಗಿಸಿಕೊಂಡವರಿಗೆ ಆ ನಿಯಮದ ಬಲ ಎಷ್ಟೆಂದು ಗೊತ್ತು. ನಮ್ಮ ಇಯರ್‌ಫೋನ್‌ಗೆ ಕಣ್ಣೀರಿಡುವ ಎಷ್ಟೋ ಹಿರಿಯರು ಆ ಡಿಜೆಗೆ ವಂತಿಗೆ ಕೊಟ್ಟಿರುತ್ತಾರೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇಷ್ಟೆಲ್ಲ ಆದರೆ ಕಿವಿಯೊಳಗೆ ನಡೆಯುವುದೇನು? ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾ ಎಂಬ ಭಾಗದಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿರುವ ರೋಮಕೋಶಗಳಿವೆ. ಒಂದು ಕಿವಿಗೆ ಸುಮಾರು 15 ಸಾವಿರ. ಬಂದ ಸದ್ದಿನ ಕಂಪನವನ್ನು ನರಕ್ಕೆ ದಾಟಿಸುವ ಕೆಲಸ ಇವುಗಳದ್ದು. ಜೋರು ಸದ್ದಿಗೆ ಇವು ದಣಿಯುತ್ತವೆ. ಡಿಜೆ ಕೇಳಿ ಬಂದ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುವುದು, ಕಿವಿಗೆ ಹತ್ತಿ ತುರುಕಿದಂತಾಗುವುದು ಈ ದಣಿವಿನ ಲಕ್ಷಣ. ಮರುದಿನ ಸರಿಹೋಗುತ್ತದೆ. ಮತ್ತೆ ಮತ್ತೆ ದಣಿಸಿದರೆ ಕೆಲವು ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಕೋಳಿಯ ಕಿವಿಯಲ್ಲಿ ಹಾಳಾದ ರೋಮಕೋಶಗಳು ಮರಳಿ ಬೆಳೆಯುತ್ತವೆ ಎಂಬುದನ್ನು ವಿಜ್ಞಾನಿಗಳು 1980ರ ದಶಕದಲ್ಲೇ ಕಂಡುಕೊಂಡರು. ಕೋಳಿಗಿರುವ ಆ ಭಾಗ್ಯ ಮನುಷ್ಯನಿಗಿಲ್ಲ.

ಹಾನಿ ಎಲ್ಲ ಸದ್ದಿಗೂ ಒಂದೇ ಸಮ ಆಗುವುದಿಲ್ಲ, ಮೋಸ ಇರುವುದೇ ಇಲ್ಲಿ. ಮೊದಲು ಕೆಡುವುದು 4000 ಹರ್ಟ್ಸ್ ಸುತ್ತಲಿನ ತೀಕ್ಷ್ಣ ಸದ್ದು ಕೇಳುವ ಭಾಗ. ಮಾತಿನಲ್ಲಿ ಸ್ವರಗಳ ಸದ್ದು ದಪ್ಪ, ಗಟ್ಟಿ. ಸ, ಶ, ತ, ಕ ಮುಂತಾದ ವ್ಯಂಜನಗಳ ಸದ್ದು ತೆಳು, ತೀಕ್ಷ್ಣ. ಆದ್ದರಿಂದ ಈ ತೊಂದರೆ ಇರುವವರಿಗೆ ಎದುರಿನವರು ಮಾತಾಡುತ್ತಿರುವುದು ಚೆನ್ನಾಗಿಯೇ ಕೇಳಿಸುತ್ತದೆ, ಏನು ಹೇಳಿದರು ಎಂಬುದು ತಿಳಿಯುವುದಿಲ್ಲ. ಕಾಲು, ಸಾಲು, ಹಾಲು, ಪಾಲು ಎಂಬ ನಾಲ್ಕು ಪದಗಳನ್ನು ಗದ್ದಲದ ನಡುವೆ ಹೇಳಿಸಿ ನೋಡಿ. 'ಆಲು' ಎಂಬುದಷ್ಟೇ ಉಳಿದರೆ, ಮಿಕ್ಕದ್ದನ್ನು ಊಹಿಸಬೇಕು. ಮನೆಯವರ ಜೊತೆ ಊಹೆ ನಡೆಯುತ್ತದೆ. ಗ್ರೂಪ್ ಡಿಸ್ಕಷನ್‌ನಲ್ಲಿ ಆರು ಜನ ಒಟ್ಟಿಗೆ ಮಾತಾಡುವಾಗ ನಡೆಯುವುದಿಲ್ಲ. ಸಂದರ್ಶನದಲ್ಲಿ ಮೂರನೇ ಸಲ 'ಇನ್ನೊಮ್ಮೆ ಹೇಳಿ ಸರ್' ಎಂದರೆ, ಈತನಿಗೆ ವಿಷಯ ಗೊತ್ತಿಲ್ಲ ಎಂದೇ ಎದುರಿನವರು ತಿಳಿಯುತ್ತಾರೆ. ಕಾಲ್ ಸೆಂಟರ್ ಕೆಲಸಕ್ಕೆ ಹೋದರಂತೂ ದಿನವಿಡೀ ಹೆಡ್‌ಸೆಟ್‌ನಲ್ಲಿ ಅಪರಿಚಿತರ ಇಂಗ್ಲಿಷ್ ಕೇಳಬೇಕು.

ನನ್ನ ರೂಮ್‌ಮೇಟ್ ಒಬ್ಬನಿದ್ದ, ಹಾವೇರಿ ಕಡೆಯವನು. ಸಮವಸ್ತ್ರದ ಕೆಲಸವೇ ಬೇಕೆಂದು ಹಟ ಹಿಡಿದಿದ್ದ. ನಸುಕಿನ ಐದಕ್ಕೆ ಎದ್ದು ಓಡುತ್ತಿದ್ದ, ಓಡುವಾಗ ಕಿವಿಯಲ್ಲಿ ಹಾಡು, ಓದುವಾಗ ಕ್ಲಾಸು. ಅವನು ಪದೇಪದೇ 'ಏನಂದಿ?' ಎಂದು ಕೇಳುವುದು ರೂಮಿನಲ್ಲಿ ನಮಗೊಂದು ನಗೆಚಾಟಿಕೆಯಾಗಿತ್ತು. ಲಿಖಿತ ಪರೀಕ್ಷೆ ದಾಟಿದ, ಓಟ ದಾಟಿದ. ಕೊನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಬಲಗಿವಿ ಅವನನ್ನು ತಡೆಯಿತು. ಇಂಥ ಕೆಲಸಗಳಿಗೆ ಕಿವಿಯ ಪರೀಕ್ಷೆ ಕಟ್ಟುನಿಟ್ಟು. ಸೇನೆಯಲ್ಲಿ ಸುಮಾರು 6 ಮೀಟರ್ ದೂರದಿಂದ ಹೇಳಿದ ಪಿಸುಮಾತು ಒಂದೊಂದು ಕಿವಿಗೂ ಬೇರೆಬೇರೆಯಾಗಿ ಕೇಳಿಸಬೇಕು. ಆಮೇಲೆ ಅವನು ಖಾಸಗಿಯಾಗಿ ಆಡಿಯೋಗ್ರಾಂ ಮಾಡಿಸಿ ತಂದ. ಹಾಳೆಯ ಮೇಲಿನ ಗೆರೆ ಅಲ್ಲಿಯತನಕ ಸಮವಾಗಿದ್ದು 4000ದ ಹತ್ತಿರ ಗುಂಡಿಗೆ ಬಿದ್ದಂತೆ ಕೆಳಗಿಳಿದಿತ್ತು. ಜೋರು ಸದ್ದಿನಿಂದಾಗುವ ಹಾನಿಯ ಗುರುತು ಅದು ಎಂದು ವೈದ್ಯರು ಹೇಳಿದರಂತೆ. ಎಷ್ಟು ಪಾಲು ಇಯರ್‌ಫೋನ್, ಎಷ್ಟು ಪಾಲು ಊರಿನ ಜಾತ್ರೆಯ ಪಟಾಕಿ ಎಂದು ಆ ಹಾಳೆ ಹೇಳುವುದಿಲ್ಲ.

ಅವನು ಆಗ ಕೇಳಿದ ಪ್ರಶ್ನೆ ನನ್ನನ್ನು ಕಾನೂನು ಓದಲು ಹಚ್ಚಿತು: 'ಹಂಗಾದ್ರ ನನಗ ಅಂಗವಿಕಲರ ಕೋಟಾನಾದ್ರೂ ಸಿಗ್ತದೇನು?' ಸಿಗುವುದಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ ಪ್ರಕಾರ, ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬಲ್ ನಷ್ಟವಿದ್ದರೆ ಮಂದ ಶ್ರವಣ, 70 ಇದ್ದರೆ ಕಿವುಡುತನ. ಅವನಿಗೆ ಆಗಿದ್ದು ಅದರ ಅರ್ಧವೂ ಅಲ್ಲ, ಅದೂ ಒಂದೇ ಕಿವಿಗೆ. ಹಾಗಾಗಿ ಕಾಯ್ದೆಯ ಲೆಕ್ಕದಲ್ಲಿ ಅವನು ಅಂಗವಿಕಲನಲ್ಲ, ನೇಮಕಾತಿಯ ಲೆಕ್ಕದಲ್ಲಿ ಅರ್ಹನೂ ಅಲ್ಲ. ಮೀಸಲಾತಿಯ ಮಿತಿಯನ್ನು ಸಡಿಲಿಸಬೇಕೆಂದು ನಾನು ಹೇಳುತ್ತಿಲ್ಲ, ಅದು ನಿಜಕ್ಕೂ ಕಿವಿ ಕೇಳದವರ ಪಾಲು. ಆದರೆ ಇಯರ್‌ಫೋನ್‌ನಿಂದ ಆಗುವ ಹಾನಿ ಬಹುಪಾಲು ಬಂದು ನಿಲ್ಲುವುದು ಈ ನಡುವಿನ ಜಾಗದಲ್ಲೇ.

ಗಾಯಕಿ ಅಲ್ಕಾ ಯಾಗ್ನಿಕ್ 2024ರ ಜೂನ್‌ನಲ್ಲಿ ತಮಗೆ ನರಸಂಬಂಧಿ ಶ್ರವಣದೋಷ ಬಂದಿರುವುದನ್ನು ತಿಳಿಸಿದಾಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ 'ಹೆಡ್‌ಫೋನ್‌ನಿಂದ ಕಿವುಡಾದ ಗಾಯಕಿ' ಎಂದು ಸುದ್ದಿ ಹರಿದಾಡಿತು. ಅವರು ಹೇಳಿದ್ದು ವೈರಸ್ ದಾಳಿಯಿಂದ ಹೀಗಾಯಿತು ಎಂದು. ಜೋರು ಸಂಗೀತ, ಹೆಡ್‌ಫೋನ್ ಬಗ್ಗೆ ಅಭಿಮಾನಿಗಳಿಗೂ ಕಿರಿಯ ಸಹೋದ್ಯೋಗಿಗಳಿಗೂ ಎಚ್ಚರಿಕೆ ಕೊಟ್ಟದ್ದು ಬೇರೆ ಮಾತು. ಹೆದರಿಸಲೆಂದು ಸುದ್ದಿಯನ್ನು ತಿರುಚಿದರೆ, ನಿಜ ಗೊತ್ತಾದ ದಿನ ಯಾರೂ ಯಾವುದನ್ನೂ ನಂಬುವುದಿಲ್ಲ. ಇಯರ್‌ಫೋನ್ ಬಿಸಾಡಿ ಎನ್ನುವ ಉಪದೇಶದ ಗತಿಯೂ ಇದೇ. ಕ್ಲಾಸುಗಳೆಲ್ಲ ಮೊಬೈಲಿಗೆ ಬಂದಿರುವಾಗ, ಕೋಚಿಂಗ್ ಶುಲ್ಕ ಕಟ್ಟಲಾಗದ ಹಳ್ಳಿಯ ಹುಡುಗಿಗೆ ಯೂಟ್ಯೂಬೇ ಗುರುವಾಗಿರುವಾಗ, ಬಿಸಾಡುವುದು ಎಲ್ಲಿಗೆ?

ಮಾಡಬಹುದಾದದ್ದು ಬೇರೆ ಇದೆ. ಕಿವಿಗೆ ಸರಿಯಾಗಿ ಕೂರುವ, ಹೊರಗಿನ ಸದ್ದನ್ನು ತಡೆಯುವ ಇಯರ್‌ಫೋನ್ ಇದ್ದರೆ ಕಡಿಮೆ ಸದ್ದಿನಲ್ಲೇ ಪಾಠ ತಿಳಿಯುತ್ತದೆ. ಬಸ್ ನಿಲ್ದಾಣದ ಬಳಿ ಮಾರುವ ನೂರು ರೂಪಾಯಿಯದು ಸಡಿಲವಾಗಿ ಜೋತಾಡುತ್ತದೆ, ಹೊರಗಿನ ಗದ್ದಲ ಪೂರ್ತಿ ಒಳಗೆ ಬರುತ್ತದೆ, ಬೆರಳು ತಾನಾಗಿ ಸದ್ದು ಏರಿಸುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಇರುವವು ಎಂಜಿನ್‌ನಂಥ ಒಂದೇ ಸಮನಾದ ಸದ್ದನ್ನು ಚೆನ್ನಾಗಿ ಅಡಗಿಸುತ್ತವೆ. ಆದರೆ ರಸ್ತೆ ದಾಟುವಾಗ ಅವನ್ನು ತೆಗೆಯಲೇಬೇಕು. ಮೊಬೈಲ್ ಸೆಟ್ಟಿಂಗ್‌ನಲ್ಲಿ ಸದ್ದಿಗೆ ಗರಿಷ್ಠ ಮಿತಿ ಹಾಕುವ ಸೌಲಭ್ಯ ಬಹಳಷ್ಟು ಫೋನ್‌ಗಳಲ್ಲಿದೆ. ಬಸ್ಸಿನಲ್ಲಿ ಪಾಠದ ಬದಲು ಟಿಪ್ಪಣಿ ಓದಿಕೊಂಡರೆ ವಾರದ ಕೋಟಾದ ದೊಡ್ಡ ಪಾಲು ಅಲ್ಲೇ ಉಳಿಯುತ್ತದೆ.

ಉಳಿದ ಹೊಣೆ ನಮ್ಮದಷ್ಟೇ ಅಲ್ಲ. ನಾವು ಓದುವ ಕೊಠಡಿಯ ಕಿಟಕಿಗಳು ನೇರವಾಗಿ ರಸ್ತೆಗೆ ತೆರೆದುಕೊಳ್ಳುತ್ತವೆ, ಪಕ್ಕದಲ್ಲೇ ಜೆರಾಕ್ಸ್ ಅಂಗಡಿಯ ಜನರೇಟರ್. ತಿಂಗಳ ಬಾಡಿಗೆ ಕೊಡುವಾಗ ಮಾಲೀಕರಿಗೆ ಈ ಮಾತು ಎತ್ತಿದೆ. 'ಹೊರಗಿನ ಗಾಡಿ ನಾ ಹೆಂಗ ನಿಲ್ಲಸ್ಲಿ ತಮ್ಮಾ?' ಎಂದರು. ಗಾಡಿ ನಿಲ್ಲಿಸುವುದು ಬೇಡ ಕಾಕಾ, ರಸ್ತೆ ಕಡೆಯ ಕಿಟಕಿಗೆ ಗಾಜು ಹಾಕಿಸಿ, ಹಿಂದಿನ ಕಿಟಕಿ ತೆಗೆಸಿ ಎಂದೆವು. ನೋಡೋಣ ಎಂದಿದ್ದಾರೆ. ವೈಫೈ, ಎಸಿ, ಸಿಸಿಟಿವಿ ಎಂದು ಫಲಕ ಹಾಕುವ ಕೊಠಡಿಗಳಲ್ಲಿ ನಿಶ್ಶಬ್ದವನ್ನು ಸೌಲಭ್ಯವೆಂದು ಬರೆದದ್ದನ್ನು ನಾನಿನ್ನೂ ನೋಡಿಲ್ಲ.

ಇನ್ನು ಕೋಚಿಂಗ್ ಕೇಂದ್ರಗಳು. ದೈಹಿಕ ಪರೀಕ್ಷೆ ಇರುವ ಹುದ್ದೆಗಳಿಗೆ ಸೇರುವವರ ಎತ್ತರ, ಎದೆಯಳತೆಯನ್ನು ಮೊದಲ ದಿನವೇ ಅಳೆಯುತ್ತಾರೆ. ಎತ್ತರ ಸಾಲದಿದ್ದರೆ ಬೇರೆ ಹುದ್ದೆ ನೋಡು ಎಂದು ಅಂದೇ ಹೇಳುತ್ತಾರೆ, ಹುಡುಗನ ಎರಡು ವರ್ಷ ಉಳಿಯುತ್ತದೆ. ಕಿವಿಯನ್ನು ಮಾತ್ರ ಯಾರೂ ನೋಡುವುದಿಲ್ಲ, ಅದು ನೇಮಕಾತಿಯ ಕಟ್ಟಕಡೆಯ ದಿನಕ್ಕೆ ಬಿಟ್ಟದ್ದು. ಪ್ರವೇಶದ ಹೊತ್ತಿಗೇ ಒಂದು ಆಡಿಯೋಗ್ರಾಂ ಮಾಡಿಸಿಕೊಂಡು ಬನ್ನಿ ಎಂದು ಅರ್ಜಿಯಲ್ಲಿ ಒಂದು ಸಾಲು ಸೇರಿಸಲಿ. ಸೇರಿಸದಿದ್ದರೆ ನಾವೇ ಹೋಗಬಹುದು. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ಸೂಜಿ ಇಲ್ಲ, ನೋವಿಲ್ಲ. ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ, ಬೀಪ್ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು ಅಥವಾ ಕೈ ಎತ್ತಬೇಕು. ಹೋಗುವ ಹಿಂದಿನ ದಿನ ಜೋರು ಸದ್ದಿನಿಂದ ದೂರ ಇರಿ, ಇಲ್ಲದಿದ್ದರೆ ದಣಿದ ಕಿವಿಯ ಫಲಿತಾಂಶ ಬರುತ್ತದೆ. ಕೊಟ್ಟ ಹಾಳೆಯನ್ನು ಅಂಕಪಟ್ಟಿಗಳ ಫೈಲಿನಲ್ಲೇ ಇಟ್ಟುಕೊಳ್ಳಿ, ಮುಂದಿನ ವರ್ಷದ ಹಾಳೆಯ ಪಕ್ಕ ಇಟ್ಟು ನೋಡಲು ಅದು ಬೇಕಾಗುತ್ತದೆ.