ಗಾಣದೆತ್ತು ಎಷ್ಟು ಮೈಲಿ ನಡೆದರೇನು?

ಹೆಬ್ಬಾಳ ದಾಟಿ ಯಲಹಂಕದ ಕಡೆ ಹೊರಟರೆ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಅಲ್ಲಿ ಓದುತ್ತ ಪ್ರೋಗ್ರಾಮಿಂಗ್ ಸ್ಪರ್ಧೆಗಳ ಹುಚ್ಚು ಹಿಡಿಸಿಕೊಂಡ ಹುಡುಗ ಹುಡುಗಿಯರು ನನ್ನ ಹತ್ತಿರ ಹೇಳಿಕೊಳ್ಳುವ ದೂರು ಒಂದೇ: ಆರು ತಿಂಗಳಿಂದ ರೇಟಿಂಗ್ ಏಳುತ್ತಿಲ್ಲ. ಅವರಿಗೆ ಸಿಕ್ಕಿರುವ ಸಲಹೆಯೂ ಒಂದೇ: ಇನ್ನಷ್ಟು ಲೆಕ್ಕ ಬಿಡಿಸು. ಇನ್ನೂರಾಗಿದ್ದರೆ ಐನೂರು ಮಾಡು, ಐನೂರಾಗಿದ್ದರೆ ಸಾವಿರ ಮಾಡು. ನನ್ನ ಮಟ್ಟಿಗೆ ಇದು ಸೋಮಾರಿ ಸಲಹೆ. ಕೊಡುವವರಿಗೆ ಖರ್ಚಿಲ್ಲ, ನಂಬಿದವರಿಗೆ ಒಂದು ವರ್ಷ ಹೋಗುತ್ತದೆ.

ಈ ಲೋಕದ ಪರಿಚಯವಿಲ್ಲದವರಿಗೆ ಎರಡು ಮಾತು. ಕೋಡ್‌ಫೋರ್ಸಸ್ ಎಂಬ ತಾಣದ ಸ್ಪರ್ಧೆಗಳು ಹೆಚ್ಚಾಗಿ ನಮ್ಮ ರಾತ್ರಿ 8:05ಕ್ಕೆ ಶುರುವಾಗುತ್ತವೆ. ಸುಮಾರು ಎರಡು ಗಂಟೆ, ಐದಾರು ಸಮಸ್ಯೆ. ಚೆಸ್ ಆಟಗಾರರಿಗೆ ಇರುವಂಥದೇ ರೇಟಿಂಗ್. 1200ಕ್ಕೆ ನಿಮ್ಮ ಹೆಸರು ಹಸಿರಾಗುತ್ತದೆ, 1600ಕ್ಕೆ ನೀಲಿ. ನಾನು ಕಂಡ ಬಹಳ ಜನ ಈ ಹಸಿರು ನೀಲಿಯ ನಡುವೆ ನಿಂತವರು. ನಿಂತ ಮೇಲೆ 'ನನಗೆ ತಲೆ ಇಲ್ಲ' ಎಂದು ತೀರ್ಮಾನಿಸಿ ಬಿಟ್ಟುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಹೀಗೆ ನಿಲ್ಲುವುದು ಕಂಪ್ಯೂಟರಿಗಿಂತ ಹಳೆಯ ಕಾಯಿಲೆ. ಅಮೆರಿಕದ ವಿಲಿಯಂ ಬ್ರಯಾನ್ ಮತ್ತು ನೋಬಲ್ ಹಾರ್ಟರ್ ಟೆಲಿಗ್ರಾಫ್ ಕಲಿಯುವವರ ಮೇಲೆ 1897 ಮತ್ತು 1899ರಲ್ಲಿ ಎರಡು ಅಧ್ಯಯನ ಪ್ರಕಟಿಸಿದರು. ಸಂದೇಶ ಕೇಳಿ ಬರೆದುಕೊಳ್ಳುವ ವೇಗ ಕೆಲಕಾಲ ಏರಿ, ಆಮೇಲೆ ವಾರಗಟ್ಟಲೆ ಸಪಾಟಾಗಿ ನಿಂತು, ಮತ್ತೆ ಏರುವುದನ್ನು ಅವರು ಕಂಡರು. ಅಕ್ಷರ ಅಕ್ಷರವಾಗಿ ಕೇಳುತ್ತಿದ್ದವರು ಪದಗಳನ್ನು, ಆಮೇಲೆ ಪದಗುಚ್ಛಗಳನ್ನು ಇಡಿಯಾಗಿ ಕೇಳತೊಡಗುವುದರಿಂದ ವೇಗ ಏರುತ್ತದೆ ಎಂಬುದು ಅವರ ವಿವರಣೆ. ಕೆಲಸಕ್ಕೆ ಸಾಕಾಗುವಷ್ಟು ವೇಗದಲ್ಲಿ ದಿನವೂ ದುಡಿದ ಆಪರೇಟರುಗಳು ವರ್ಷಗಳಾದರೂ ಅಲ್ಲೇ ಇದ್ದರು. ಅವರಿಗೆ ಅಭ್ಯಾಸದ ಕೊರತೆ ಇತ್ತೆಂದು ಯಾರು ಹೇಳಬಲ್ಲರು?

ಒಂದು ಉದಾಹರಣೆ ಕೊಡುತ್ತೇನೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮೂಟೆಗಳು ಸಾಲಾಗಿವೆ, ಒಂದೊಂದರ ತೂಕ ಒಂದೊಂದು. ಇಟ್ಟ ಸಾಲಿನಲ್ಲೇ ಎತ್ತಿ, ಹತ್ತು ಟ್ರಿಪ್ಪಿನೊಳಗೆ ಒಂದೇ ಲಾರಿಯಲ್ಲಿ ಎಲ್ಲವನ್ನೂ ಸಾಗಿಸಬೇಕು. ಲಾರಿ ಕನಿಷ್ಠ ಎಷ್ಟು ಭಾರ ಹೊರಬೇಕು? ಬೈನರಿ ಸರ್ಚ್ ಬಾಯಿಪಾಠ ಇರುವ ವಿದ್ಯಾರ್ಥಿಯೂ ಇಲ್ಲಿ ಕೈಚೆಲ್ಲುತ್ತಾನೆ, ಏಕೆಂದರೆ ಹುಡುಕುವುದಕ್ಕೆ ವಿಂಗಡಿಸಿದ ಪಟ್ಟಿ ಕಾಣುವುದಿಲ್ಲ. ಕೊನೆಗೆ ಉತ್ತರ ತೆರೆದು, 'ಓ, ಬೈನರಿ ಸರ್ಚ್' ಎಂದು ನಕಲು ಮಾಡಿ, ಎಣಿಕೆಗೆ ಒಂದು ಸೇರಿಸಿ ಮುಂದೆ ಹೋಗುತ್ತಾನೆ. ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಬೇರೆ: ಇದು ನನಗೆ ಮೊದಲೇ ಹೊಳೆಯಲು ಪ್ರಶ್ನೆಯಲ್ಲಿ ಏನಿತ್ತು? ಐದು ಟನ್ ಸಾಕಾದರೆ ಆರು ಟನ್ನೂ ಸಾಕು, ನಾಲ್ಕು ಸಾಲದಿದ್ದರೆ ಮೂರೂ ಸಾಲದು. 'ಸಾಲದು' ಎಂಬುದು 'ಸಾಕು' ಆಗುವ ಗಡಿ ಒಂದೇ ಇದೆ. ಹುಡುಕಬೇಕಾದದ್ದು ಆ ಗಡಿಯನ್ನು. ಇದನ್ನು ಕಂಡವನಿಗೆ ಇಂಥ ಹತ್ತಾರು ಸಮಸ್ಯೆಗಳ ಬಾಗಿಲು ತೆರೆಯಿತು. ನಕಲು ಮಾಡಿದವನಿಗೆ ಒಂದು ಅಂಕಿ ಸಿಕ್ಕಿತು.

ಪ್ರಮಾಣ ಬೇಡವೇ ಎಂದು ಕೇಳುತ್ತೀರಿ. ಶುರುವಿನಲ್ಲಿ ಬೇಕು. ಕೈ ಪಳಗಬೇಕು, ಭಾಷೆಯ ತಪ್ಪುಗಳು ನೀಗಬೇಕು. ಆದರೆ ಕೈ ಪಳಗಿದ ಮೇಲೂ ಸುಲಭದ ಲೆಕ್ಕಗಳನ್ನೇ ಬಿಡಿಸುತ್ತಿದ್ದರೆ ಅದು ಹಾಡಿದ್ದೇ ಹಾಡುವ ಕಿಸಬಾಯಿ ದಾಸನ ಕಥೆ. ಎಣಿಕೆಯ ಚಾಳಿ ಸುಲಭದ್ದನ್ನೇ ಆರಿಸಲು ಕಲಿಸುತ್ತದೆ, ಒಂದು ಕಠಿಣ ಸಮಸ್ಯೆಗೆ ಹೋಗುವ ಸಂಜೆಯಲ್ಲಿ ಹತ್ತು ಸುಲಭದವು ಮುಗಿಯುತ್ತವಲ್ಲ! ಯಾರು ಎಷ್ಟು ಬಿಡಿಸಿದರೆಂದು ಪಟ್ಟಿ ಅಂಟಿಸುವ ಕಾಲೇಜುಗಳು ಈ ಚಾಳಿಗೆ ನೀರೆರೆಯುತ್ತಿವೆ.

ಇದರಲ್ಲಿ ಒಂದು ಅನ್ಯಾಯವೂ ಇದೆ. ಹಾಸ್ಟೆಲಿನಲ್ಲಿ ಇರುವವರಿಗೆ ಸಂಜೆ ಪೂರ್ತಿ ಸಿಗುತ್ತದೆ. ಆರ್.ಟಿ. ನಗರದಿಂದ ಯಲಹಂಕಕ್ಕೆ ಬಸ್ಸಿನಲ್ಲಿ ಓಡಾಡುತ್ತ, ಹೆಬ್ಬಾಳ ಮೇಲ್ಸೇತುವೆಯ ದಟ್ಟಣೆಯಲ್ಲಿ ದಿನಾ ಸಿಕ್ಕಿಕೊಳ್ಳುವ ಹುಡುಗಿಗೆ ಉಳಿಯುವುದು ಒಂದು ಗಂಟೆ. ಸಾವಿರ ಬಿಡಿಸು ಎನ್ನುವುದು ಅವಳನ್ನು ಆಟದಿಂದ ಹೊರಗಿಡುವ ಸಭ್ಯ ದಾರಿ. ಆ ಒಂದು ಗಂಟೆ ಸಾಕು ಎಂಬುದೇ ನಾನು ಹೇಳುವುದು.

ಸ್ಪರ್ಧೆ ಮುಗಿದ ಮರುದಿನ, ನೀವು ಬಿಡಿಸಿದ ಕೊನೆಯ ಸಮಸ್ಯೆಯ ಮುಂದಿನದನ್ನು ಎತ್ತಿಕೊಳ್ಳಿ, ಅದೊಂದನ್ನೇ. ಒಂದು ಗಂಟೆ ಉತ್ತರ ನೋಡದೆ ಗುದ್ದಾಡಿ. ಆಗದಿದ್ದರೆ ವಿವರಣೆಯನ್ನು ಒಂದೊಂದೇ ಸಾಲು ಓದಿ, ಹೊಳೆದ ಕಡೆ ನಿಲ್ಲಿಸಿ. ಅದರ ಮರುದಿನ ಏನನ್ನೂ ನೋಡದೆ ಬರೆಯಿರಿ. ಆಮೇಲೆ ಗೆಳೆಯರೊಬ್ಬರಿಗೆ ಅದನ್ನು ಕನ್ನಡದಲ್ಲಿ ಹೇಳಿ. ಇಂಗ್ಲಿಷಿನ ಪಾರಿಭಾಷಿಕ ಪದಗಳ ಹಿಂದೆ ಅಡಗಿದ್ದ ಅರೆತಿಳಿವಳಿಕೆ ತಾಯ್ನುಡಿಯಲ್ಲಿ ಮೂರನೇ ವಾಕ್ಯಕ್ಕೇ ಸಿಕ್ಕಿಬೀಳುತ್ತದೆ. ಹೀಗೆ ಮಾಡಿದರೆ ತಿಂಗಳಿಗೆ ಎಂಟು ಸಮಸ್ಯೆ ಆದಾವು. ಮೊದಲ ಕೆಲವು ವಾರ ರೇಟಿಂಗ್ ಇಳಿದರೂ ಇಳಿಯಬಹುದು, ಸಹಿಸಿಕೊಳ್ಳಿ.

ಒಳ್ಳೆಯ ಓದುಗರನ್ನು ಎಷ್ಟು ಪುಟ ತಿರುವಿದಿರಿ ಎಂದು ನಾವು ಕೇಳುವುದಿಲ್ಲ. ಈ ಮಕ್ಕಳನ್ನೂ ಎಷ್ಟು ಬಿಡಿಸಿದಿರಿ ಎಂದು ಕೇಳುವುದನ್ನು ನಿಲ್ಲಿಸೋಣ. ಈ ವಾರ ಯಾವುದು ಬಗೆಹರಿಯಲಿಲ್ಲ, ಏಕೆ ಎಂದು ಕೇಳೋಣ.