ಮೀಟರ್ ಬಿಡ್ರಿ, ಎಂಜಿನ್ ಮುಟ್ಟಿ ನೋಡ್ರಿ

ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಬಾಡಿಗೆ ಗಾಡಿಯ ಲೆಕ್ಕವೇ ಒಂದು ದೊಡ್ಡ ಲೆಕ್ಕ. ತೋಟದಿಂದ ಶೆಡ್ಡಿಗೆ, ಶೆಡ್ಡಿನಿಂದ ಕೋಲ್ಡ್ ಸ್ಟೋರೇಜಿಗೆ, ಅಲ್ಲಿಂದ ವಿಜಯಪುರದ ಎಪಿಎಂಸಿಗೋ, ಗಡಿ ದಾಟಿ ತಾಸಗಾಂವಕ್ಕೋ. ಮಣೂಕ ಎಷ್ಟು ಸಲ ಗಾಡಿ ಹತ್ತುತ್ತದೋ ಅಷ್ಟು ಸಲ ರೊಕ್ಕ ಇಳಿಯುತ್ತದೆ. ಅದಕ್ಕೇ ಕಾಕಾನ ಮಗ ಹೋದ ವರ್ಷ ದೀಪಾವಳಿ ಮುಗಿದ ವಾರ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದು, "ಅಣ್ಣಾ, ಒಂದು ಹಳೇ ಛೋಟಾ ಹಾಥಿ ತಗೋಬೇಕಂತ ಮಾಡೇನಿ, ನೀ ಇಂಜಿನಿಯರ್ ಅದಿ, ನೋಡಿ ಹೇಳು" ಅಂದ.

ನಾನು ಬರೆಯುವುದು ಕೋಡು, ಬಿಚ್ಚುವುದು ಲ್ಯಾಪ್‌ಟಾಪು. ಆದರೆ ಅವನು ಹೊಂದಿಸಿದ ಎರಡು ಲಕ್ಷದಲ್ಲಿ ಅರ್ಧ ನಮ್ಮ ಕಾಕುನ ಪಾಟ್ಲಿ ಅಡವಿಟ್ಟು ತಂದದ್ದು ಅಂತ ಗೊತ್ತಾದ ಮೇಲೆ ಸುಮ್ಮನೆ ಕೂಡಲು ಆಗಲಿಲ್ಲ. ಓಣಿಯ ಡೀಸೆಲ್ ಮಿಸ್ತ್ರಿಗೆ ದಿನಕ್ಕಿಷ್ಟು ಅಂತ ಮಾತಾಡಿ ಜೊತೆಗೆ ಕರಕೊಂಡು ಹೋದೆವು. ಗಾಡಿ ಕೊಳ್ಳುವಾಗ ಇದೇ ಮೊದಲ ಖರ್ಚಾಗಬೇಕು. ಮಾರುವವರ ಗ್ಯಾರೇಜಿನವನು ಅಲ್ಲ, ನಮ್ಮವನು.

ಟಾಟಾ ಏಸ್ 2005ರಲ್ಲಿ ಬಂದಾಗ ಅದಕ್ಕಿದ್ದದ್ದು ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಎಂಜಿನ್. ಅಂಥ ಹಳೇ ಮಾದರಿಗೆ ನನ್ನ ಹತ್ತಿರ ಇದ್ದ ಓಬಿಡಿ ಸ್ಕ್ಯಾನರ್ ಸಿಗಿಸಿ ಪ್ರಯೋಜನವಿಲ್ಲ, ಓದಲಿಕ್ಕೆ ಅಲ್ಲಿ ಏನೂ ಇಲ್ಲ. ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ಮೊದಲು ಲಾಗ್ ನೋಡುತ್ತೇವೆ. ಇಂಥ ಗಾಡಿಯ ಲಾಗ್ ಇರುವುದು ಸವೆದ ಜಾಗಗಳಲ್ಲಿ. ಮೊದಲು ನೋಡಿದ ಗಾಡಿಯ ಮೀಟರ್ 61 ಸಾವಿರ ತೋರಿಸುತ್ತಿತ್ತು. ಕ್ಲಚ್ ಪೆಡಲಿನ ರಬ್ಬರು ಮಾತ್ರ ನಡುವೆ ಪೂರಾ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ: 2318 ಅಂದರೆ 2018ರ 23ನೇ ವಾರ ತಯಾರಾದದ್ದು. "ಕಂಪನಿ ಟೈರೇ ಅದಾವ್ರಿ" ಅನ್ನುವವರ ಮಾತನ್ನು ಗಾಡಿಯ ವರ್ಷದ ಜೊತೆ ಇಟ್ಟು ನೋಡಿದರೆ ಸಾಕು.

ಮಿಸ್ತ್ರಿ ಮಾಡಿದ ಮೊದಲ ಕೆಲಸ ನನಗೆ ಬಹಳ ಹಿಡಿಸಿತು. ಫೋನ್ ಮಾಡದೆ ಬೆಳಿಗ್ಗೆ ಆರೂವರೆಗೆ ಹೋಗಿ, ಸೀಟು ಎತ್ತಿ, ಎಂಜಿನ್ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು! "ಯಾಕ್ರಿ ಸಾವ್ಕಾರ್ರ, ಈಗರೆ ಹೊಲಕ್ಕ ಹೋಗಿ ಬಂದ್ರೇನು?" ಅಂತ ನಕ್ಕ. "ನಾಳೆ ಬರ್ತೀವ್ರಿ, ತಣ್ಣಗಿರ್ಲಿ." ಬಿಸಿ ಇದ್ದ ಡೀಸೆಲ್ ಎಂಜಿನ್ ಎಂಥದಾದರೂ ಒಂದೇ ಸಲಕ್ಕೆ ಶುರುವಾಗಬಹುದು. ಹೀಟರ್ ಪ್ಲಗ್, ಕಂಪ್ರೆಷನ್, ಬ್ಯಾಟರಿ, ಇವುಗಳ ನಿಜ ಗೊತ್ತಾಗುವುದು ರಾತ್ರಿಯೆಲ್ಲ ನಿಂತ ಗಾಡಿಗೆ ಚಾವಿ ತಿರುವಿದಾಗ.

ಮರುದಿನ ತಣ್ಣಗಿತ್ತು. ರೇಡಿಯೇಟರ್ ಮುಚ್ಚಳ ತೆಗೆದು ನೋಡುವುದೂ ಈ ಹೊತ್ತಿನಲ್ಲೇ, ಬಿಸಿ ಇದ್ದಾಗ ತೆಗೆದರೆ ಮುಖ ಸುಡುತ್ತದೆ. ನೀರಿನ ಮೇಲೆ ಎಣ್ಣೆ ತೇಲಿದರೆ, ಆಯಿಲ್ ಕಡ್ಡಿಗೆ ಹಾಲುಚಹಾದ ಬಣ್ಣ ಅಂಟಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯ ಪಡಬೇಕು. ಆಯಿಲ್ ಬರೀ ಕಪ್ಪಗಿದ್ದರೆ ಹೆದರಬೇಕಿಲ್ಲ, ಡೀಸೆಲ್ ಎಂಜಿನ್ನಿನ ಆಯಿಲ್ ಬೇಗ ಕಪ್ಪಾಗುವಂಥದ್ದೇ. ಶುರುವಿನಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ನಡೆಯುತ್ತದೆ. ಈ ಗಾಡಿಯ ಹೊಗೆ ಹತ್ತು ನಿಮಿಷ ಕಳೆದರೂ ನೀಲಿ ಇತ್ತು, ಅಂದರೆ ಆಯಿಲ್ ಉರಿಯುತ್ತಿದೆ. ಮಿಸ್ತ್ರಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಿರುವಿ, ಬಾಯಿಯ ಮೇಲೆ ಸುಮ್ಮನೆ ಇಟ್ಟ. ಮುಚ್ಚಳ ಟಕಟಕ ಕುಣಿದು ಕೆಳಗೆ ಬಿತ್ತು. "ಬ್ಯಾಕ್ ಹೊಡಿಯಾಕತ್ತೈತಿ ನೋಡ್ರಿ" ಅಂದ. ಪಿಸ್ಟನ್ ರಿಂಗು ಸವೆದು, ಮೇಲೆ ಉರಿದ ಗಾಳಿಯ ಒತ್ತಡ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ. ಸ್ವಲ್ಪ ಆವಿ ಯಾವ ಎಂಜಿನ್ನಿನಲ್ಲೂ ಬರುತ್ತದೆ, ಹೀಗೆ ಕುಣಿಯುವಷ್ಟು ಅಲ್ಲ. ಬೋರ್ ಕೆಲಸ ಬಂತು ಅಂದರೆ ಗಾಡಿ ಅಗ್ಗವಾಗಿ ಸಿಕ್ಕ ಖುಷಿಯೆಲ್ಲ ಗ್ಯಾರೇಜಿನಲ್ಲೇ ಕರಗುತ್ತದೆ. ತಮ್ಮನ ಮುಖ ಸಪ್ಪಗಾಯಿತು. ಹೊಸ ಪೇಂಟು, ಸೀಟಿಗೆ ಹೊಸ ಕವರು, ಅವನ ಮನಸ್ಸಿಗೆ ಅದು ಹಿಂದಿನ ದಿನವೇ ಬಂದುಬಿಟ್ಟಿತ್ತು.

ಎರಡನೆಯದು ನೋಡಲು ಅಷ್ಟೇನೂ ಚೆಂದ ಇರಲಿಲ್ಲ, ಎಂಜಿನ್ ಮಾತ್ರ ಚಳಿಯಲ್ಲೂ ಎರಡು ಸುತ್ತಿಗೆ ಹಿಡಿಯಿತು. ಅದರ ಕೆಳಗೆ ಮಲಗಿ ನೋಡಿದ್ದೇ ಹೆಚ್ಚು ಹೊತ್ತು. ನಮ್ಮ ಕಡೆಯ ಸರಕು ಗಾಡಿ ಸಾಯುವುದು ಓಡಿ ಅಲ್ಲ, ಹೊತ್ತು. ಮುಕ್ಕಾಲು ಟನ್ನಿನ ಗಾಡಿಗೆ ಸೀಜನ್ನಿನಲ್ಲಿ ಒಂದೂವರೆ ಟನ್ ಹೇರುವವರಿದ್ದಾರೆ. ಪಾಟಾಕ್ಕೆ ಹೆಚ್ಚುವರಿ ಎಲೆ ಕೂಡಿಸಿದ್ದರೆ, ಚಾಸಿಗೆ ವೆಲ್ಡಿಂಗ್ ತೇಪೆ ಇದ್ದರೆ, ಹಿಂದಿನ ಟೈರು ಒಂದೇ ಮಗ್ಗುಲು ಸವೆದಿದ್ದರೆ, ಆ ಗಾಡಿ ದುಡಿದದ್ದು ಹೇಗೆ ಅಂತ ಮಾಲಕರನ್ನು ಕೇಳುವುದೇ ಬೇಡ. ಇದರಲ್ಲಿ ಪಾಟಾ ಬುಶ್ ಹೋಗಿದ್ದವು, ಚಾಸಿ ನೇರ ಇತ್ತು. ಬುಶ್ಶಿನ ಖರ್ಚು ಬೆಲೆಯಲ್ಲಿ ಕಡಿಮೆ ಮಾಡಿಸಿದೆವು.

ಓಡಿಸಿ ನೋಡಿದ್ದು ಲೋಡ್ ಹಾಕಿಯೇ. ಹದಿನೈದು ಕೆಜಿಯ ನಲವತ್ತು ಪೆಟ್ಟಿಗೆ ಹೇರಿ ಅಥಣಿ ರಸ್ತೆಯಲ್ಲಿ ಹೊರಟೆವು. ಖಾಲಿ ಗಾಡಿಯಲ್ಲಿ ಜಾರದ ಕ್ಲಚ್ಚು ಲೋಡಿನಲ್ಲಿ ಜಾರುತ್ತದೆ, ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ. ಇದು ಓಡಿತು. ಇನ್ನು 2020ರ ನಂತರದ ಬಿಎಸ್-6 ಡೀಸೆಲ್ ಗಾಡಿ ನೋಡುವವರಿಗೆ ಸ್ಕ್ಯಾನರ್ ಬೇಕೇ ಬೇಕು. ಹಲವು ಮಾದರಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಬರೀ ಊರೊಳಗೆ ಸಣ್ಣ ಸಣ್ಣ ಟ್ರಿಪ್ ಹೊಡೆದ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಕಾಗದ ಪತ್ರದ ಕೆಲಸ ಮಾತ್ರ ನನ್ನದು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಫಿಟ್‌ನೆಸ್, ಇನ್ಶೂರೆನ್ಸ್, ಸಾಲ ಇದೆಯೋ ಇಲ್ಲವೋ, ಎಲ್ಲ ಬರುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು, ಅವಧಿ ಮುಗಿದಿದ್ದರೆ ಆ ಖರ್ಚು ಯಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಚಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ, ಬಂದ ಅಂಕಿಗಳನ್ನು ಆರ್‌ಸಿ ಜೊತೆ ಹೋಲಿಸಿದೆ. ಸೊಲ್ಲಾಪುರದ ಎಂಎಚ್-13 ಗಾಡಿ ಕೆಎ-28ಕ್ಕಿಂತ ಅಗ್ಗ ಅಂತ ಕಂಡರೆ ಅಲ್ಲಿಯ ಆರ್‌ಟಿಓದ ಎನ್‌ಓಸಿ, ಇಲ್ಲಿಯ ತೆರಿಗೆ, ಎರಡನ್ನೂ ಕೂಡಿಸಿ ಆಮೇಲೆ ಅಗ್ಗ ಅನ್ನಿ.

ನಮ್ಮ ಗಾಡಿಯ ಮೇಲೆ ಫೈನಾನ್ಸ್ ಇತ್ತು. "ಕಂತು ಮುಗದಾವ್ರಿ" ಅಂದರು. ಮುಗಿದಿದ್ದರೂ ಫೈನಾನ್ಸಿನವರ ಎನ್‌ಓಸಿ ಮತ್ತು ಫಾರ್ಮ್ 35 ಇಲ್ಲದೆ ಆರ್‌ಸಿಯಿಂದ ಅವರ ಹೆಸರು ಹೋಗುವುದಿಲ್ಲ. ಅವು ಕೈಗೆ ಬಂದ ಮೇಲೆಯೇ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಹಣ ಕೊಟ್ಟೆವು, ಇಪ್ಪತ್ತು ಸಾವಿರ ಹಿಡಿದು. ಅದು ಆರ್‌ಸಿಯಲ್ಲಿ ತಮ್ಮನ ಹೆಸರು ಬಂದ ದಿನ. "ಅಷ್ಟೂ ವಿಶ್ವಾಸ ಇಲ್ಲೇನ್ರಿ?" ಅಂತ ಮಾರುವವರು ಸಿಡುಕಿದರು. ಮಾರಿದ ಮೇಲೂ ಆರ್‌ಸಿಯಲ್ಲಿ ಯಾರ ಹೆಸರು ಉಳಿದಿರುತ್ತದೋ ಅಪಘಾತದ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ ಅಂತ ನಾನು ತಿಳಿಸಿದೆ. ಮರುದಿನ ಆರ್‌ಟಿಓ ಆಫೀಸಿಗೆ ನಮಗಿಂತ ಮೊದಲು ಬಂದು ನಿಂತವರು ಅವರೇ.